ಹಳೆಯ ಜನವರಿಗೆ ಏಳುತ್ತಿದ್ದ ಲ್ಯಾಪ್‌ಟಾಪ್

ಅಣ್ಣ ಗೋವಾದಿಂದ ಆ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದ. ಅವನ ಕಚೇರಿಗೆ ಹೊಸವು ಬಂದಿದ್ದವಂತೆ, ಹಳೆಯವನ್ನು ಬೇಕೆಂದವರಿಗೆ ಕೊಟ್ಟುಬಿಟ್ಟರಂತೆ. ಕಪ್ಪಗೆ, ಇಟ್ಟಿಗೆಯಷ್ಟು ಭಾರ. ಒಂದು ಮೂಲೆ ಸೀಳಿತ್ತು. ಬ್ಯಾಟರಿ ಸತ್ತಿದ್ದರಿಂದ ವಾಯರು ಕಿತ್ತರೆ ಆ ಕ್ಷಣವೇ ಆರಿಹೋಗುತ್ತಿತ್ತು.

ಆಗ ನಾನೂ ಅಮ್ಮನೂ, ನಮ್ಮಲ್ಲಿ ಆಯಿ ಅನ್ನುತ್ತೇವೆ, ಅಂಕೋಲೆಯ ಹತ್ತಿರ ಪುನರ್ವಸತಿ ಕಾಲೊನಿಯಲ್ಲಿ ಇದ್ದೆವು. ಅರ್ಗಾದ ಕಡೆ ಸಮುದ್ರದ ದಂಡೆಗಿದ್ದ ನಮ್ಮ ಕೇರಿ ನೌಕಾನೆಲೆಗೆ ಹೋಗಿ ಏಳೆಂಟು ವರ್ಷವಾಗಿತ್ತು. ಹೊಸ ಮನೆಯ ಗೋಡೆ ಏಳುವ ಮೊದಲೇ ಅಪ್ಪ ತೀರಿಕೊಂಡಿದ್ದರು. ನನಗೆ ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ದಿನಾ ಬಸ್ಸಿನಲ್ಲಿ ಹೋಗುವಾಗ, ಬರುವಾಗ, ನೌಕಾನೆಲೆಯ ಉದ್ದನೆಯ ಗೋಡೆಯಾಚೆ ತೆಂಗಿನ ತಲೆಗಳು ಕಾಣುತ್ತಿದ್ದವು. ಮೊದಮೊದಲು ಅವುಗಳಲ್ಲಿ ನಮ್ಮವು ಯಾವುವೆಂದು ಹುಡುಕುತ್ತಿದ್ದೆ. ಆಮೇಲೆ ಹುಡುಕುವುದು ಬಿಟ್ಟು ಸುಮ್ಮನೆ ನೋಡತೊಡಗಿದೆ. ಸಂಜೆಯ ಬಸ್ಸಿನ ಜೊಂಪಿನಲ್ಲಿ ಅಷ್ಟೂ ಮರಗಳು ನಮ್ಮವೇ ಅನ್ನಿಸುತ್ತಿದ್ದವು.

ಆಯಿಗೆ ಒಂದು ಆಸೆಯಿತ್ತು. ಕೇರಿಯ ಮನೆಗಳನ್ನೆಲ್ಲ ಇದ್ದ ಸಾಲಿನಲ್ಲೇ ಬರೆದಿಡಬೇಕು: ಯಾರ ಮನೆಗೆ ಯಾರ ಮನೆ ತಾಗಿತ್ತು, ಬಾವಿ ಎಲ್ಲಿತ್ತು, ಗದ್ದೆಗೆ ಇಳಿಯುವ ದಾರಿ ಯಾರ ಅಂಗಳ ದಾಟಿ ಹೋಗುತ್ತಿತ್ತು. ಊರವರು ನಾಲ್ಕು ದಿಕ್ಕಿಗೆ ಚೆದುರಿದ್ದರು. ಹೊಸದಾಗಿ ಹುಟ್ಟಿದ ಮಕ್ಕಳಿಗೆ ಅದೊಂದು ಊರಿತ್ತೆಂಬುದೇ ಗೊತ್ತಿರಲಿಲ್ಲ. ಕೈಯಲ್ಲಿ ಬರೆದರೆ ಒಂದೇ ಪ್ರತಿ, ಟೈಪು ಮಾಡಿದರೆ ಎಲ್ಲರಿಗೂ ಕೊಡಬಹುದು ಎಂದು ನಾನೇ ಹೇಳಿದ್ದೆ. ಆದರೆ ಆ ಲ್ಯಾಪ್‌ಟಾಪಿನಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕಗಳು ಮೂಡುತ್ತಿದ್ದವು. ಸಾಲುಸಾಲಾಗಿ, ಬಾಗಿಲಿಲ್ಲದ ಪುಟ್ಟ ಮನೆಗಳ ಹಾಗೆ.

ಕಾರವಾರದ ಬಜಾರದಲ್ಲಿ ಒಂದು ಮಾಳಿಗೆಯ ಮೇಲೆ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದರು. ಮಾಜಾಳಿ ಎಂಬ ಊರಿನವರು. ಹಡಗಿನಲ್ಲಿ ರೇಡಿಯೋ ಆಪರೇಟರ್ ಆಗಿ ದುಡಿದು ಊರಿಗೆ ಮರಳಿದವರು. ಅವರು ವಿಷಯ ಕೇಳಿ, ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಅಪ್‌ಡೇಟ್ ಹಾಕಿದರೆ ಕನ್ನಡ ತಾನಾಗಿಯೇ ಬರುತ್ತದೆ ಎಂದು ಒಂದು ಸಿಡಿ ಬರೆದುಕೊಟ್ಟರು.

ಮೊದಲನೇ ಭಾನುವಾರ ಅರ್ಧ ದಾರಿಯಲ್ಲಿ ಜಾಗ ಸಾಲದು ಎಂದು ನಿಂತಿತು. ಅಣ್ಣನ ಕಚೇರಿಯ ಹಳೆಯ ಕಡತಗಳನ್ನೆಲ್ಲ ಅಳಿಸಿದೆ. ಎರಡನೇ ಭಾನುವಾರ ಮುಕ್ಕಾಲು ಪಾಲು ಮುಗಿದಾಗ ಕರೆಂಟು ಹೋಯಿತು. ಬಂದ ಮೇಲೆ ಯಂತ್ರ ಏಳಲೇ ಇಲ್ಲ. ಮಾಜಾಳಿಯವರು ಫೋನಿನಲ್ಲಿ ಯಾವ ಕೀಲಿ ಒತ್ತಬೇಕೆಂದು ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ. ಕೊನೆಗೆ ಸೇಫ್ ಮೋಡ್ ಎಂಬ ಕಪ್ಪು ಪರದೆಯಲ್ಲಿ ಅದು ಕಣ್ಣು ಬಿಟ್ಟಿತು. ಆಯಿ ದೇವರ ಮುಂದೆ ಒಂದು ಊದುಬತ್ತಿ ಹಚ್ಚಿಟ್ಟು ಬಂದಳು.

ಮೂರನೆಯ ಸಲ ಕರೆಂಟು ಹೋಗಲಿಲ್ಲ. ಹಸಿರು ಪಟ್ಟಿ ಬಸವನಹುಳುವಿನ ಹಾಗೆ ತೆವಳುತ್ತಿತ್ತು. ಆಯಿ ಪಕ್ಕದಲ್ಲಿ ಕೂತು, ಸಾರಿಗೆಂದು ತಂದ ಬೆಳಚು ಚಿಪ್ಪುಮೀನನ್ನು ಒಂದೊಂದಾಗಿ ಈಳಿಗೆಗೆ ಒತ್ತಿ ಚಿಪ್ಪು ಬಿಡಿಸುತ್ತಿದ್ದಳು. ಹೊರಗೆ ಬಿಸಿಲು, ಎಲ್ಲೋ ದೂರದಲ್ಲಿ ರೈಲು. ಆ ಪಟ್ಟಿಯನ್ನೇ ನೋಡುತ್ತ ನೋಡುತ್ತ ನನಗೆ ನಿದ್ದೆ ಬಂದಿತ್ತೋ ಎಚ್ಚರವಿತ್ತೋ ಹೇಳಲಾರೆ. ಪಟ್ಟಿ ತುದಿ ಮುಟ್ಟಿತು. ಆಮೇಲೆ, ಕಡತವನ್ನು ನಂಬಲು ಆಗುತ್ತಿಲ್ಲ ಎಂಬರ್ಥದ ಒಂದು ಸಾಲು ಬಂತು. ಮಾಡಿದ್ದನ್ನೆಲ್ಲ ಯಂತ್ರ ತಾನೇ ಒಂದೊಂದಾಗಿ ಬಿಚ್ಚಿಹಾಕಿ, ಮೊದಲಿದ್ದಲ್ಲಿಗೆ ಬಂದು ಕೂತಿತು.

ನಾನು ತಲೆಯ ಮೇಲೆ ಕೈಹೊತ್ತು ಕೂತಾಗ ಆಯಿ ಪರದೆಯ ಮೂಲೆಯತ್ತ ಬಗ್ಗಿದಳು. ಅವಳು ಓದಿದ್ದು ನಾಲ್ಕನೇ ಇಯತ್ತೆ. ಇಂಗ್ಲಿಷ್ ಬಾರದು, ಅಂಕಿ ಬರುತ್ತಿತ್ತು.

"ಇದೆಂತ ಮಗಳೇ, ತಾರೀಖು ಹೀಂಗದೆ?"

ಏಳೆಂಟು ವರ್ಷ ಹಿಂದಿನ ಜನವರಿ ಒಂದು. ನಾನು ಅದನ್ನು ಕಂಡೇ ಇರಲಿಲ್ಲ. ಸರಿಪಡಿಸಿದೆ. ವಾಯರು ಕಿತ್ತು ಮತ್ತೆ ಹಾಕಿದರೆ ಪುನಃ ಅದೇ ಜನವರಿ ಒಂದು. ಪ್ರತಿ ಸಲವೂ ಆ ಯಂತ್ರ ಅದೇ ದಿನಕ್ಕೆ ಏಳುತ್ತಿತ್ತು.

ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ಮಾಳಿಗೆ ಹತ್ತಿದೆ. ಮಾಜಾಳಿಯವರು ಕೇಳಿ ನಕ್ಕರು. ಒಳಗೆ ಗಡಿಯಾರ ನಡೆಸುವ ಸಣ್ಣ ಸೆಲ್ ಸತ್ತಿದೆ ಎಂದರು. ಅಪ್‌ಡೇಟಿಗೆ ಒಂದು ಮುದ್ರೆ ಇರುತ್ತದೆ, ಅದು ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತದೆ. ಯಂತ್ರದ ಲೆಕ್ಕದಲ್ಲಿ ಆ ದಿನ ಇನ್ನೂ ಹುಟ್ಟಿಲ್ಲ, ಹಾಗಾಗಿ ಸುಳ್ಳೆಂದು ತಳ್ಳಿಹಾಕುತ್ತದೆ. "ನಮ್ಮ ಹಡಗಿನಲ್ಲೂ ಹಾಗೇ ತಂಗಿ," ಎಂದರು. "ಗಡಿಯಾರ ತಪ್ಪಿದರೆ ನಾವು ಎಲ್ಲಿದ್ದೇವೆ ಅನ್ನೋದೇ ತಪ್ಪುತ್ತಿತ್ತು." ತಾರೀಖನ್ನು ಕೈಯಿಂದ ತಿದ್ದಿ ಹಾಕಬಹುದು, ಆದರೆ ನಡುವೆ ಕರೆಂಟು ಹೋದರೆ ಮತ್ತೆ ಹಿಂದಕ್ಕೇ, ಸೋಮವಾರ ತನ್ನಿ, ಸೆಲ್ ಬದಲಿಸೋಣ ಎಂದರು.

ಮನೆಗೆ ಬಂದು ಆಯಿಗೆ ಎಲ್ಲ ಹೇಳಿದೆ. ಮರುದಿನ ಬೆಳಿಗ್ಗೆ ಚಾ ಕುಡಿದ ಮೇಲೆ ಅವಳು, ಅದನ್ನೊಮ್ಮೆ ಚಾಲೂ ಮಾಡಿಡು ಎಂದಳು. ಯಾಕೆಂದು ಕೇಳಿದೆ.

"ನಾಳೆ ಹೇಗೂ ಒಯ್ತೆಯಲ. ಇವತ್ತೊಂದಿನ ಹೀಂಗೇ ಇರ್ಲಿ," ಎಂದಳು. "ಆ ಜನವರಿಗೆ ಅವರು ಇದ್ರು," ಎಂದಳು.

ಚಾಲೂ ಮಾಡಿಟ್ಟೆ. ಮೂಲೆಯಲ್ಲಿ ಅದೇ ಜನವರಿ ಒಂದು. ಆಯಿ ಅದರ ಮುಂದೆ ಚಾಪೆ ಹಾಸಿ ಕೂತು ಮಾತಾಡತೊಡಗಿದಳು. ಆ ಚಳಿಗಾಲ ದಂಡೆಯ ಗದ್ದೆಯಲ್ಲಿ ಶೇಂಗಾ ಹಾಕಿದ್ದು. ಊರು ಬಿಡಬೇಕೆಂದು ಗೊತ್ತಿದ್ದೂ ಅಪ್ಪ ಬೆಳಿಗ್ಗೆ ಬೆಳಿಗ್ಗೆ ಬಾವಿಯಿಂದ ನೀರು ಹೊತ್ತು ಹಾಕಿದ್ದು. ಯಾರೋ ಕೇಳಿದ್ದಕ್ಕೆ, ನೆಟ್ಟ ಮೇಲೆ ನೀರು ಹಾಕದಿರಲು ಬರುತ್ತದೆಯೇ ಎಂದದ್ದು. ಆಮೇಲೆ ಅವಳು ಕೇರಿಯ ತುದಿಯಿಂದ ನಡೆಯತೊಡಗಿದಳು. ಕಣ್ಣು ಮುಚ್ಚಿದ್ದಳು. ಒಂದೊಂದು ಮನೆಯ ಮುಂದೆಯೂ ನಿಂತು, ಜಗಲಿಯಲ್ಲಿ ಯಾರು ಕೂತಿದ್ದಾರೆ, ಒಳಗೆ ಏನು ಕುದಿಯುತ್ತಿದೆ ಎಂದು ಹೇಳುತ್ತ ಹೋದಳು. ನಾನು ಕಚೇರಿಯಲ್ಲಿ ಒಂದು ಮಗ್ಗುಲು ಬಳಸಿ ಬಿಟ್ಟಿದ್ದ ಕಾಗದಗಳ ಹಿಂಬದಿಯಲ್ಲಿ ಬರೆದುಕೊಂಡೆ. ಮೂವತ್ತೆಂಟು ಮನೆಗಳಾದವು. ನಮ್ಮ ಮನೆಯ ಮುಂದೆ ಬಂದಾಗ ಮಾತ್ರ ಅವಳು ಒಳಗೆ ಹೋಗಲಿಲ್ಲ. "ಇದು ನಿಂಗೆ ಗೊತ್ತಲ, ಬರ್ಕೋ," ಎಂದು ಮುಂದಿನ ಮನೆಗೆ ನಡೆದಳು.

ಸೋಮವಾರ ಅರ್ಧ ದಿನ ರಜೆ ಹಾಕಿದೆ. ಮಾಜಾಳಿಯವರು ಕೀಬೋರ್ಡು ಎತ್ತಿ, ಹಳದಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ನಾಣ್ಯದಂಥ ಸೆಲ್ಲನ್ನು ಹೊರತೆಗೆದು ಹೊಸದನ್ನು ಕೂಡಿಸಿದರು. ತಾರೀಖು ತಿದ್ದಿ, ಅಪ್‌ಡೇಟ್ ಅಲ್ಲೇ ನಡೆಸಿದರು. ಅವರಲ್ಲಿ ಯುಪಿಎಸ್ ಇತ್ತು. ಎರಡು ತಾಸು ಹಿಡಿಯಿತು. ಕಿಟಕಿಯಲ್ಲಿ ಕೂತಿದ್ದೆ. ಕೆಳಗೆ ಬಜಾರದಲ್ಲಿ ಕೊಂಕಣಿ ಮಾತು ಏಳುತ್ತಿತ್ತು, ಇಳಿಯುತ್ತಿತ್ತು. ಗಾಳಿಯಲ್ಲಿ ಉಪ್ಪು. ಹಿಂದಿನ ದಿನದ ಕೇರಿ ಕಣ್ಣೊಳಗೆ ಇನ್ನೂ ಅಲುಗುತ್ತಿತ್ತು, ನೀರಿನಡಿಯ ಮರಳಿನ ಹಾಗೆ. ಅವರು ಕರೆದಾಗ ಎಲ್ಲಿದ್ದೇನೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು.

ಮೊದಲು 'ಗದ್ದೆ' ಎಂದು ಟೈಪು ಮಾಡಿದೆ. ಒತ್ತಕ್ಷರ ತನ್ನ ಜಾಗಕ್ಕೆ ಬಂದು ನೆಟ್ಟಗೆ ಕೂತಿತು.

ಟೈಪು ಮುಗಿಯಲು ಎರಡು ವಾರ ಬೇಕಾಯಿತು. ಕಾರವಾರದಲ್ಲಿ ಪ್ರಿಂಟು ತೆಗೆಸಿ ತಂದ ಸಂಜೆ ಆಯಿ ಅದನ್ನು ಹಿಡಿದು ಕಾಲೊನಿಯಲ್ಲಿದ್ದ ನಮ್ಮ ಕೇರಿಯವರ ಮನೆಮನೆಗೆ ಹೋದಳು. ಮುಟ್ಟಿ ನೋಡಿ ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ. ಆದದ್ದು ಬೇರೆಯೇ. ಎರಡು ದಿನ ಕಳೆದ ಮೇಲೆ ನಮ್ಮ ಜಗಲಿಯಲ್ಲಿ ಜನ ಸೇರಿದರು. ಬಾವಿ ಮೂಡಣಕ್ಕೆ ಇದ್ದದ್ದಲ್ಲ, ಪಡುವಣಕ್ಕೆ ಎಂದು ಒಬ್ಬರು. ಹನ್ನೊಂದನೆಯ ಮನೆ ಎರಡು ಬಾಗಿಲಿನದು, ಅದು ಎರಡು ಮನೆ ಆಗಬೇಕು ಎಂದು ಇನ್ನೊಬ್ಬರು. ಆಯಿ ಬಾವಿಯ ವಿಷಯದಲ್ಲಿ ಜಗ್ಗಲಿಲ್ಲ. ವಾದ ಕತ್ತಲಾಗುವವರೆಗೂ ನಡೆಯಿತು. ಅಷ್ಟು ಜನ ಒಟ್ಟಿಗೆ ಆ ಜಗಲಿಯಲ್ಲಿ ಕೂತದ್ದು ಅದೇ ಮೊದಲು.

ಎಲ್ಲರೂ ಎದ್ದ ಮೇಲೆ ಕಾಲೊನಿಯ ತುದಿಮನೆಯ ಅಜ್ಜಿಯೊಬ್ಬಳು ಉಳಿದಳು. ಅವಳಿಗೆ ಓದು ಬಾರದು. ತನ್ನ ಮನೆ ಯಾವ ಸಾಲಿನಲ್ಲಿದೆ ತೋರಿಸು ಎಂದಳು, ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು, ತನ್ನದೊಂದು ಕೆಂದು ಆಕಳಿತ್ತು, ಊರು ಬಿಡುವಾಗ ಯಾರಿಗೋ ಕೊಟ್ಟುಬಂದೆ, ಅದನ್ನೂ ಬರೆಯಲು ಬರುತ್ತದೆಯೇ ಎಂದು ಕೇಳಿದಳು.

ಬರುತ್ತದೆ ಅಜ್ಜಿ ಎಂದು ಲ್ಯಾಪ್‌ಟಾಪ್ ತೆಗೆದೆ. ಅದು ಏಳುವವರೆಗೆ ಅವಳು ಆಕಳ ಹಟ್ಟಿ ಎಲ್ಲಿತ್ತೆಂದು ಹೇಳುತ್ತಿದ್ದಳು.