ಉಂಗುರ ಕಾಣದ ತಟ್ಟೆಗಳು

ಬೆಳಗಿನ ಐದೂವರೆ. ಆಸ್ಪತ್ರೆಯ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಶಿವನಂಜಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ. ಮುಂದೆ ಎಂಬತ್ತು ಗಾಜಿನ ತಟ್ಟೆಗಳು. ರೋಗಿಗಳ ಮಲದಿಂದ ಬೆಳೆಸಿದ ರೋಗಾಣು ಅವುಗಳಲ್ಲಿದೆ. ಕುದಿಸಿ, ಸೋಡಾ ಹಾಕಿ ಉಜ್ಜುವುದು ಹದಿನೇಳು ವರ್ಷದಿಂದ ಇವರ ಕೆಲಸ. ಕುದಿಸುವ ಮುಂಚೆ ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನಗೂ ಒಂದನ್ನು ತೋರಿಸುತ್ತಾರೆ.

“ಮದ್ದಿನ ಬಿಲ್ಲೆ ಇಟ್ಟಿರ್ತಾರಲ್ಲ, ಅದರ ಸುತ್ತ ಉಂಗುರದಂಗೆ ತಿಳಿಯಾಗಿದ್ರೆ ಮದ್ದು ನಾಟ್ತು ಅಂತ. ಇದ್ನ ನೋಡಿ, ಉಂಗುರಾನೇ ಇಲ್ಲ! ಮೊದ್ಲು ತಿಂಗಳಿಗೊಂದು ಇಂಗೆ ಬರ್ತಿತ್ತು. ಈಗ ದಿನಾ ಆರೇಳು ಕಣ್ರೀ.”

ಕಳೆದ ವರ್ಷ, ೧೯೬೬ರ ಶ್ರಾವಣದಲ್ಲಿ, ಕಾಲು ಮುರಿದುಕೊಂಡು ಬಂದ ನಾಲ್ಕು ವರ್ಷದ ಚಂದ್ರಮತಿ ಇಲ್ಲಿ ವಾಂತಿಭೇದಿಯಾಗಿ ಸತ್ತಳು. ಬಲ ಬರಲೆಂದು ರೋಗಿಗಳಿಗೆ ಇಲ್ಲಿ ಅರೆಬೆಂದ ಮೊಟ್ಟೆ ಕೊಡುತ್ತಾರೆ.

“ಒಲ್ಲೆ ಅಂತು ಮಗು. ಒಂದೇ ಚಮಚ ಕಣವ್ವಾ ಅಂತ ರಮಿಸಿ ತಿನ್ನಿಸ್ದೋಳು ನಾನೇ. ಆಮೇಲೆ ಲ್ಯಾಬಲ್ಲಿ ಅದರ ತಟ್ಟೆ ತೊಳೆದೋಳೂ ನಾನೇ. ಉಂಗುರ ಇರ್ಲಿಲ್ಲ.”

ಮೊಟ್ಟೆ ಬರುವುದು ಬೋಗಾದಿಯ ಕೋಳಿ ಫಾರಮ್ಮಿನಿಂದ. ಇವರ ತಮ್ಮ ಮರಿಸ್ವಾಮಿ ಅಲ್ಲಿ ಆಳಾಗಿದ್ದ. ಜಡ್ಡಿರಲಿ ಬಿಡಲಿ, ಕೋಳಿಗಳು ಬೇಗ ಬೆಳೆಯಲೆಂದು ಕುಡಿಯುವ ನೀರಿಗೆ ದಿನವೂ ಟೆಟ್ರಾಸೈಕ್ಲಿನ್‌ನ ಹಳದಿ ಪುಡಿ ಕಲಸುತ್ತಾರೆಂದು ಅವನೇ ಹೇಳಿದ್ದು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡುವುದೂ ಅದೇ ಮದ್ದು! ಶಿವನಂಜಮ್ಮ ತಾವೇ ಹೋಗಿ ಕೋಳಿ ಹಿಕ್ಕೆಯನ್ನು ಬಾಟಲಿಯಲ್ಲಿ ತಂದು ಲ್ಯಾಬಿನ ಡಾಕ್ಟರ್ ಚೂಡಾಮಣಿಯವರ ಮುಂದಿಟ್ಟರು. ಪರೀಕ್ಷೆ ಆಯಿತು. ಮಗುವಿನ ಹೊಟ್ಟೆಯಲ್ಲಿದ್ದ ಸಾಲ್ಮೊನೆಲ್ಲಾ ರೋಗಾಣುವೇ ಅದರಲ್ಲೂ ಇತ್ತು; ಆ ತಟ್ಟೆಯಲ್ಲೂ ಉಂಗುರವಿರಲಿಲ್ಲ. ದಿನಾ ಮದ್ದು ಕುಡಿದ ಕೋಳಿಯ ಹೊಟ್ಟೆಯಲ್ಲಿ ಅದು ಮದ್ದಿಗೇ ಪಳಗಿಬಿಟ್ಟಿದೆ.

ಡಾಕ್ಟರು ಮೂರು ಸಲ ಮೇಲಕ್ಕೆ ಬರೆದರು. ತಟ್ಟೆ ತೊಳೆಯುವವಳ ಮಾತು ಕೇಳಿ ಮೊಟ್ಟೆ ಸರಬರಾಜು ನಿಲ್ಲಿಸಲಾಗದು ಎಂದು ಮೇಲಿನಿಂದ ಉತ್ತರ ಬಂತು. ಥೂ, ನಾಚಿಕೆಯಾಗಬೇಡವೇ ಇವರಿಗೆ! ಪುಡಿ ನಿಲ್ಲಲಿಲ್ಲ. ಮರಿಸ್ವಾಮಿಯ ಕೆಲಸ ಹೋಯಿತು.

ಏಳು ಗಂಟೆಗೆ ಶಿವನಂಜಮ್ಮ ಆಸ್ಪತ್ರೆಯ ಅಡುಗೆಮನೆಗೆ ಹೋಗುತ್ತಾರೆ. ಮೊಟ್ಟೆಯೊಳಗಿನ ರೋಗಾಣು ಸಾಯಲೆಂದು, ಅದು ಗಟ್ಟಿಯಾಗಿ ಬೇಯುವವರೆಗೂ ಒಲೆಯ ಮುಂದಿನಿಂದ ಕದಲುವುದಿಲ್ಲ. ಹಾಗೆ ನಿಲ್ಲಲು ಅವರಿಗೆ ಯಾರೂ ಹೇಳಿಲ್ಲ. ಅಡುಗೆಯ ಶಾಮಣ್ಣ ರೇಗುತ್ತಾರೆ: “ಸೌದೆ ಏನು ನಿಮ್ಮಪ್ಪನ ಮನೆಯಿಂದ ಬರುತ್ತೇನಮ್ಮ?”

“ನಿಮ್ಮ ಮೊಮ್ಮಗೂಗೆ ಆ ಅರೆಬೆಂದಿದ್ದು ತಿನ್ನಿಸ್ಬುಟ್ಟು ಬನ್ನಿ, ಆಮೇಲೆ ಸೌದೆ ಮಾತಾಡಾಣ!”

ಶಾಮಣ್ಣ ಗೊಣಗುತ್ತಲೇ ಇನ್ನೊಂದು ಕೊರಡು ತಳ್ಳುತ್ತಾರೆ.

ನಿಮಗೇನಾಗಬೇಕು ಎಂದು ಶಿವನಂಜಮ್ಮನವರನ್ನು ಕೇಳುತ್ತೇನೆ. ಸಂಬಳ ಅನ್ನುತ್ತಾರೆಂದು ನನ್ನ ಎಣಿಕೆ. ಸೋಡಾ ತಿಂದು ಬಿರಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ತೊಳೆಯೋಕೆ ನಂಗೇನೂ ಬೇಜಾರಿಲ್ಲ ಸ್ವಾಮಿ. ಎಂಬತ್ತಲ್ಲ, ನೂರು ಕೊಡ್ಲಿ. ಉಂಗುರ ಇರೋ ತಟ್ಟೆ ಕೊಡ್ಲಿ.”