ಟವೆಲ್ ಕೆಳಗೆ ಗುಡ್ಡದ ವ್ಯಾಪಾರ

ಕಂಪ್ಲಿ, ಹೊಸಪೇಟೆ ಕಡೆಯ ದನದ ಸಂತೆಗಳಲ್ಲಿ ಮೂವತ್ತು ವರ್ಷ ದಲ್ಲಾಳಿ ಕೆಲಸ ಮಾಡಿದವನು ನಾನು. ನಮ್ಮ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ ಕೆಳಗೆ ಎದುರಿನವನ ಬೆರಳು ಹಿಡಿದು ಒತ್ತಿದರೆ ದರ ಅವನಿಗೆ ತಿಳಿಯುತ್ತದೆ, ಪಕ್ಕದವನಿಗೆ ತಿಳಿಯುವುದಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಈ ಬೆರಳುಗಳಿಂದಲೇ ಮನೆ ಕಟ್ಟಿದೆ.

ಹುಟ್ಟಿದ್ದು ಸಂಡೂರು ಗುಡ್ಡದ ಬುಡದ ನಾಯಕರ ಹಟ್ಟಿಯಲ್ಲಿ. ಅಲ್ಲಿನ ಮ್ಯಾಂಗನೀಸು ಈಗ ಬ್ಯಾಟರಿಗೆ ಬೇಕಂತೆ, ದೇಶಕ್ಕೇ ಬೇಕಂತೆ. ಆ ಗುಡ್ಡದಲ್ಲೇ ನಮ್ಮ ಕುರಿ ಮೇಯುತ್ತವೆ, ಅಲ್ಲಿಂದಿಳಿಯುವ ಹಳ್ಳದ ನೀರನ್ನೇ ಹಟ್ಟಿ ಕುಡಿಯುತ್ತದೆ. ಅಲ್ಲಿ ಗಣಿ ತೋಡಲು ಗ್ರಾಮಸಭೆಯ ಒಪ್ಪಿಗೆ ಕೊಡಿಸಿ ಎಂದು ಗಣಿ ಕಂಪನಿಯ ಸಾಹೇಬರೊಬ್ಬರು ನನ್ನನ್ನು ಹುಡುಕಿಕೊಂಡು ಹೊಸಪೇಟೆಗೆ ಬಂದರು.

ಅಲ್ಲೇ ನಾನು ತಪ್ಪಿದೆ. ಖಾನಾವಳಿಯಲ್ಲಿ ಕೂತು ಟವೆಲ್ ಹಾಸಿದೆ. ಅವರೂ ನಗುತ್ತ ಕೈ ಕೊಟ್ಟರು. ಮನೆಗೆ ಒಂದು ಕೆಲಸ ಎಂದವರನ್ನು ಎರಡು ಬೆರಳು ಒತ್ತಿ ಎರಡು ಕೆಲಸಕ್ಕೆ ಏರಿಸಿದೆ. ಬೀಗುತ್ತ ಹಟ್ಟಿಗೆ ಹೋಗಿ ಹೇಳಿದರೆ, ಹುಲ್ಲಿನ ಹೊರೆ ಕಟ್ಟುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ.

"ಎತ್ತು ಮಾರುವಾಗ ಮಾಲಕ ಎಲ್ಲಿರ್ತಾನ ತಮ್ಮಾ?"

"ಹಗ್ಗ ಹಿಡಕಂಡು ಬಾಜೂಕ ನಿಂತಿರ್ತಾನ."

"ಮತ್ತ ನಾವೆಲ್ಲ ಎಲ್ಲಿದ್ವಿ?"

ಮಾಲಕ ತಲೆಯಾಡಿಸದೆ ಸಂತೆಯಲ್ಲಿ ಒಂದು ಕರುವನ್ನೂ ನಾನು ಕೊಡಿಸಿದವನಲ್ಲ.

ಗ್ರಾಮಸಭೆಯ ದಿನ ಅಧಿಕಾರಿಗಳು ಒಂದು ಪುಸ್ತಕ ಕೊಟ್ಟು, ಬಂದದ್ದಕ್ಕೆ ಸಹಿ ಹಾಕಿ, ಹಾಜರಿ ಅಷ್ಟೇ ಎಂದರು. ನಾನು ಎದ್ದು, ಖಾನಾವಳಿಯಲ್ಲಿ ಆಡಿದ ಮಾತು ನನ್ನದು, ಹಟ್ಟಿಯದಲ್ಲ, ಅದು ರದ್ದು ಎಂದೆ. ಆಡಿದ ಮಾತನ್ನು ಹಿಂದೆ ತೆಗೆದದ್ದು ಅದೇ ಮೊದಲು. ಕಂಪನಿಯವರ ಮುಂದೆಯೇ ಮುಖ ಸುಟ್ಟಂತಾಯಿತು.

ಪುಸ್ತಕ ನೋಡಿದರೆ ಸಹಿಯ ಜಾಗದ ಮೇಲೆ ಅರ್ಧ ಪುಟ ಖಾಲಿ; ಆಮೇಲೆ ಅಲ್ಲಿ ಒಪ್ಪಿದ್ದೇವೆ ಎಂದು ಯಾರು ಬೇಕಾದರೂ ಬರೆಯಬಹುದು. ಓದುವವರು ಇದೊಂದನ್ನು ನನ್ನಿಂದ ಕಲಿಯಿರಿ: ಖಾಲಿ ಜಾಗದ ಕೆಳಗೆ ಸಹಿ ಹಾಕಬೇಡಿ, ಅದನ್ನು ಮೊದಲು ನೀವೇ ತುಂಬಿಸಿ. ನಾನು ದಪ್ಪ ಅಕ್ಷರದಲ್ಲಿ ಬರೆದೆ: "ಬಂದಿದ್ದೇವೆ, ಒಪ್ಪಿಲ್ಲ. ಯೋಜನೆಯ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆ ಮಾತು."

ಹಾಜರಿ ಪುಸ್ತಕದಲ್ಲಿ ಹಾಗೆಲ್ಲ ಬರೆಯುವಂತಿಲ್ಲ ಎಂದು ಅಧಿಕಾರಿ ರೇಗಿದರು. ಅಕ್ಕ ಮುಂದೆ ಬಂದಳು.

"ಹಾಜರಿ ಅಷ್ಟ ಅಂದ್ರಲ್ರೀ ಸಾಹೇಬ್ರ. ಹಂಗಾದ್ರ ಇದ್ರಿಂದ ನಿಮಗೇನ್ರೀ ನಷ್ಟ?"

ಮೊದಲ ಹೆಬ್ಬೆಟ್ಟು ಅವಳೇ ಒತ್ತಿದಳು. ಆಮೇಲೆ ಹಟ್ಟಿಯೆಲ್ಲ ಸಾಲಿನಲ್ಲಿ ನಿಂತಿತು.

ಕಂಪನಿಯ ಸಾಹೇಬರು ಈಗಲೂ ಫೋನ್ ಮಾಡುತ್ತಾರೆ. ನೀವೊಬ್ಬರೇ ಬನ್ನಿ, ಕೂತು ಮುಗಿಸೋಣ ಎನ್ನುತ್ತಾರೆ. ಮೊನ್ನೆಯೂ ನನ್ನದು ಅದೇ ಉತ್ತರ:

"ನೀವ ಹಟ್ಟಿಗೆ ಬರ್ರಿ. ಎಲ್ಲಾರ ಮುಂದ ಕುಂದ್ರಿ, ನಮ್ಮಕ್ಕ ಕೇಳಿದ್ದಕ್ಕೆಲ್ಲ ಹೇಳ್ರಿ. ಹಟ್ಟಿ ಬ್ಯಾಡ ಅಂದ್ರ ಬ್ಯಾಡ. ಅದನ್ನ ಕೇಳ್ಕಂಡು ಹೋಗಾಕೂ ತಯಾರಾಗಿ ಬರ್ರಿ."