ಆ ಕೋಣೆಯೊಂದು ಬಿಟ್ಟು

ಸೋಫಾ ರಿಪೇರಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕುಶನ್ನಕ್ಕ ಎಂದೇ. ಸ್ಪ್ರಿಂಗು ಕುಸಿದ ಸೋಫಾ, ಕಾಲು ಅಲುಗುವ ಕುರ್ಚಿ, ಬೆಕ್ಕು ಪರಚಿ ನಾರು ನಾರು ಮಾಡಿದ ದಿವಾನ, ಏನೇ ಬಂದರೂ ಹಳೆಯ ಬಟ್ಟೆ ಕಿತ್ತು, ಒಳಗಿನ ಸ್ಪಂಜು ಬದಲಿಸಿ, ಅಳತೆಗೆ ಸರಿಯಾಗಿ ಹೊದಿಕೆ ಹೊಲಿಯುವುದು ಅವಳ ಕೆಲಸ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಮ್ಮೆ ಗಿರಾಕಿಯೊಬ್ಬ ಬಂದು ಸೋಫಾ ಕಲ್ಲಿನ ಹಾಗಿದೆ ಎಂದು ಜಗಳ ತೆಗೆದಾಗ, "ಹೊಸ ಸ್ಪಂಜು ಸಾರ್, ಇನ್ನೂ ಸಂಕೋಚ. ನಾಲ್ಕು ದಿನ ಜೊತೇಲಿ ಕೂತ್ಕೊಳ್ಳಿ, ತಾನಾಗೇ ಮೆತ್ತಗಾಗತ್ತೆ" ಎಂದು ಅವನನ್ನೂ ನಗಿಸಿ ಕಳಿಸಿದ್ದಳು.

ಗಂಡ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಬೆರಳ ತುದಿಯಲ್ಲಿ ಮೇಲೆ ಹತ್ತಿಸುವವನು ಸ್ವಂತ ಮನೆಗೆ ಮಾತ್ರ ಮೂರು ಮಹಡಿ ಮೆಟ್ಟಿಲು ತುಳಿಯಬೇಕಿತ್ತು. ಅವರಿದ್ದ ಹಳೆಯ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಅವನು ಏದುಸಿರು ಬಿಡುತ್ತ ಬಂದಾಗಲೆಲ್ಲ ಅವಳು ಬಾಗಿಲಲ್ಲೇ ನಿಂತು, "ಏನ್ರೀ, ಇವತ್ತೂ ನಮ್ಮ ಲಿಫ್ಟು ಕೆಟ್ಟಿತ್ತಾ?" ಎನ್ನುವಳು. ಅವನು ಮಾತು ಕಡಿಮೆಯವನು. ನಕ್ಕು ಚೀಲ ಕೊಡುತ್ತಿದ್ದ, ಅಷ್ಟೆ.

ಮನೆಯೂ ಹೇಳಿಕೊಳ್ಳುವಂಥದ್ದಲ್ಲ. ಒಂದು ಹಾಲ್, ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕಾದ ಅಡುಗೆಮನೆ, ಮಲಗುವ ಕೋಣೆ, ಅದರ ಪಕ್ಕದಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಇನ್ನೊಂದು ಸಣ್ಣ ಕೋಣೆ. ಎರಡು ವರ್ಷದ ಹಿಂದೆ ಅವಳು ಮೊದಲ ಸಲ ಬಸಿರಾದಾಗ ಗಂಡಹೆಂಡತಿ ಸೇರಿ ಸಿಂಗರಿಸಿದ್ದು ಈ ಕೋಣೆಯನ್ನೇ. ಕೈಯಲ್ಲಿ ಕಾಸು ಓಡಾಡುವ ಕಾಲವಲ್ಲ. ಅವನು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ಬಳಿದು ಮಿಕ್ಕ ಬಣ್ಣ ಕೇಳಿ ತಂದ. ಹಳದಿ ಎರಡು ಗೋಡೆಗೆ ಮುಗಿಯಿತು, ಉಳಿದೆರಡಕ್ಕೆ ತಿಳಿಹಸಿರು. "ಇರ್ಲಿ ಬಿಡ್ರೀ, ಹಳದಿ ಅಪ್ಪನ ಕಡೆಯವ್ರು, ಹಸಿರು ಅಮ್ಮನ ಕಡೆಯವ್ರು" ಎಂದಳು ಅವಳು. ಯಾರೋ ಬಳಸಿ ಬಿಟ್ಟ ತೊಟ್ಟಿಲು ಅಗ್ಗಕ್ಕೆ ಸಿಕ್ಕಿತು, ಅದನ್ನು ಅವನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ. ಅಂಗಡಿಯ ಮೇಸ್ತ್ರಿ ಹಳತಾದ ಬಟ್ಟೆಯ ಸ್ಯಾಂಪಲ್ ಕಟ್ಟುಗಳನ್ನು ಎಸೆಯದೆ ಅವಳಿಗೆ ಕೊಟ್ಟ. ಅಂಗೈ ಅಗಲದ ಆ ತುಂಡುಗಳನ್ನೆಲ್ಲ ಕೂಡಿಸಿ ಅವಳು ಒಂದು ಪುಟ್ಟ ಕೌದಿ ಹೊಲಿದಳು. ಮಖಮಲ್ಲಿನ ಪಕ್ಕ ಹತ್ತಿ, ಹತ್ತಿಯ ಪಕ್ಕ ರೇಷ್ಮೆ. ಸಿರಿವಂತರ ದಿವಾನಖಾನೆಗಳೆಲ್ಲ ಒಂದು ಕೂಸಿನ ಮೈಮೇಲೆ ಬಂದು ಕೂತ ಹಾಗಿತ್ತು.

ಅಂಗಡಿಯಲ್ಲಿ ಹೊಲಿಗೆ ಮಶೀನಿನ ಸದ್ದು ಶುರುವಾದರೆ ಒಳಗಿನ ಕೂಸು ಒದೆಯುತ್ತಿತ್ತು. ಎಂಟನೇ ತಿಂಗಳಲ್ಲಿ ಒಂದು ದಿನ ಮಶೀನು ಎಷ್ಟು ತುಳಿದರೂ ಅದು ಸುಮ್ಮನಿತ್ತು. ಮಲಗಿದ್ದೀತು ಎಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಕತ್ತರಿ ಕೆಳಗಿಟ್ಟು, "ಮೇಸ್ತ್ರೀ, ನಾನು ಆಸ್ಪತ್ರೆಗೆ ಹೋಗ್ಬೇಕು" ಎಂದಳು. ಅವಳ ಮುಖ ನೋಡಿ ಅವನು ಮರುಮಾತಾಡದೆ ಆಟೋ ಕರೆದ.

ಕೂಸಿನ ಎದೆಬಡಿತ ಯಾಕೆ ನಿಂತಿತು ಎಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಕಾರಣವೊಂದಿದ್ದರೆ ಅದರ ಮೇಲಾದರೂ ಸಿಟ್ಟು ಮಾಡಬಹುದಿತ್ತು. ಹೆರಿಗೆಯೇನೋ ಎಲ್ಲರ ಹಾಗೆಯೇ ಆಯಿತು, ನೋವು ಒಂದು ಗುಲಗಂಜಿಯಷ್ಟೂ ರಿಯಾಯಿತಿ ಕೊಡಲಿಲ್ಲ. ಆಮೇಲೆ ರಕ್ತ ಹೋಗಿ, ಜ್ವರ ಬಂದು, ಅವಳಿಗೆ ಎಚ್ಚರ ತಪ್ಪುವುದೂ ಬರುವುದೂ ನಡೆದಿತ್ತು. ಮಗುವನ್ನು ನೋಡ್ತೀಯಾ ಎಂದು ನರ್ಸ್ ಕೇಳಿದ್ದಳಂತೆ. ಇವಳು ಗೋಡೆ ಕಡೆ ಮುಖ ತಿರುಗಿಸಿದಳಂತೆ. ಅದು ಅವಳಿಗೆ ನೆನಪಿಲ್ಲ. ನೆನಪಿಲ್ಲದ ಆ ಒಂದು ಗಳಿಗೆಗಾಗಿ ಅವಳು ತನ್ನನ್ನು ತಾನು ಕ್ಷಮಿಸಲೂ ಇಲ್ಲ.

ವಾರ ಕಳೆದು ಮೆಟ್ಟಿಲು ಹತ್ತಿ ಮನೆಗೆ ಬಂದಾಗ ಸಣ್ಣ ಕೋಣೆ ಬರಿದಾಗಿತ್ತು. ತೊಟ್ಟಿಲಿಲ್ಲ, ಕೌದಿಯಿಲ್ಲ, ಗೋಡೆಯ ಮೊಳೆಗಳೂ ಇಲ್ಲ. ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಒಳಗೆ ನಾದಿನಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಬೇಕರಿಯೊಂದರಲ್ಲಿ ಕೆಲಸ ಮಾಡುತ್ತ ಊರಿನ ಇನ್ನೊಂದು ತುದಿಯಲ್ಲಿದ್ದ ಗಂಡನ ತಂಗಿ. ಕುಶನ್ನಕ್ಕ ಆ ಬಟ್ಟೆಯನ್ನು ನೋಡಿದಳು, ಅವಳ ಮುಖ ನೋಡಿದಳು, ಹೋಗಿ ಮಲಗಿಕೊಂಡಳು. ಕೇಳಲಿಲ್ಲ. ಲೋಕಕ್ಕೆಲ್ಲ ಉತ್ತರ ಕೊಡುತ್ತಿದ್ದ ಹೆಂಗಸು ಆ ಒಂದು ವಿಷಯದಲ್ಲಿ ತುಟಿ ಹೊಲಿದುಕೊಂಡಳು.

ಆದರೆ ಕಣ್ಣಿಗೆ ಹೊಲಿಗೆ ಹಾಕಲಾದೀತೇ? ಬಸ್ಸಿನಲ್ಲಿ, ರಸ್ತೆಯಲ್ಲಿ, ಯಾರ ಹೆಗಲ ಮೇಲೆ ಮಗು ಕಂಡರೂ ಅದಕ್ಕೆ ಹೊದಿಸಿದ ಬಟ್ಟೆಯನ್ನು ನೋಡುವಳು. ನಾದಿನಿ ಕೌದಿಯನ್ನು ಯಾರಿಗೋ ದಾನ ಮಾಡಿರಬೇಕು, ಎಂದಾದರೂ ಕಂಡೀತು ಎಂದು ಅವಳ ಎಣಿಕೆ. ನಾದಿನಿ ಬಂದರೆ ಮಾತಿಗೆ ಮಾತು, ಹೆಚ್ಚೆಂದರೆ ಒಂದು ಲೋಟ ಚಹಾ. ಬರುವುದು ತಾನಾಗಿಯೇ ಕಡಿಮೆಯಾಯಿತು.

ಮತ್ತೆ ಬಸಿರಾದಾಗ ಅವಳು ಖುಷಿಪಡಲು ಹೋಗಲಿಲ್ಲ. ಹಾಲು ಕುಡಿದು ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಮಗುವಿನದೆಂದು ಒಂದು ಟೋಪಿ ಕೊಳ್ಳಲಿಲ್ಲ, ಹೆಸರಿನ ಮಾತೆತ್ತಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ? ಉಳಿದ ಮನೆಯ ಮೇಲೆ ಬಿದ್ದಳು. ಯಾರೋ ಗಿರಾಕಿ ಬಣ್ಣ ಹಿಡಿಸದೆ ಬಿಟ್ಟುಹೋದ ನೀಲಿ ಬಟ್ಟೆ ಹಾಲಿನ ಕಿಟಕಿಗೆ ಪರದೆಯಾಯಿತು. ಅಳತೆ ಸಾಲದ್ದಕ್ಕೆ ಕೆಳಗೆ ಒಂದು ಬಿಳಿ ಪಟ್ಟಿ ಕೂಡಿಸಿದಳು, ಅದೇ ಚಂದ ಎಂದರು ನೋಡಿದವರು. ಖಾಲಿ ಬಣ್ಣದ ಡಬ್ಬಗಳ ಮೇಲೆ ಸ್ಪಂಜಿನ ಚೂರು ಕಟ್ಟಿ ಕೂರುವ ಮೋಡಾ ಮಾಡಿದಳು. ಅಡುಗೆಮನೆಯ ಹಲಗೆಗಳಿಗೆ ಬಟ್ಟೆಯ ಅಂಚು ಹೊಲಿದು ಕಟ್ಟಿದಳು. ಮಂಚದ ತಲೆದೆಸೆಗೆ ಗುಂಡಿ ಗುಂಡಿಯಾಗಿ ಮೆತ್ತೆ ಹೊಡೆದಳು, ಹೋಟೆಲಿನಲ್ಲಿರುವ ಹಾಗೆ. ಗಂಡ ಕೇಳಿದಾಗ ಏಣಿ ಹಿಡಿದ, ಹೇಳಿದಲ್ಲಿ ಮೊಳೆ ಹೊಡೆದ. ಸಣ್ಣ ಕೋಣೆಯ ಚಿಲಕ ಮಾತ್ರ ಇಬ್ಬರೂ ಮುಟ್ಟಲಿಲ್ಲ.

"ಮನೆ ಮದುವಣಗಿತ್ತಿ ಥರ ಆಗಿದ್ಯಂತೆ?" ಎಂದ ಮೇಸ್ತ್ರಿ ಒಂದು ದಿನ.

"ಹೂಂ ಮೇಸ್ತ್ರೀ. ಮನೇಲಿರೋರು ಮಾತ್ರ ದಿಬ್ಬಣ ತಪ್ಪಿಸ್ಕೊಂಡೋರ ಥರ ಇದ್ದೀವಿ" ಎಂದಳು. ಅವನು ನಗಲಿಲ್ಲ.

ಏಳು ತುಂಬುವ ಹೊತ್ತಿಗೆ ಡಾಕ್ಟರು ಮೆಟ್ಟಿಲು ಹತ್ತಿಳಿಯುವುದು ಬೇಡ ಎಂದರು. ಗಂಡ ತಂಗಿಯನ್ನು ಕರೆಸಿದ. ನಾದಿನಿ ಬ್ಯಾಗು ಇಟ್ಟು ಸುತ್ತ ನೋಡಿ ಕಣ್ಣರಳಿಸಿದಳು.

"ಗುರುತೇ ಸಿಗ್ಲಿಲ್ಲ ಅತ್ತಿಗೆ! ಬೇರೆಯವ್ರ ಮನೆಗೆ ನುಗ್ಬಿಟ್ನೇನೋ ಅಂತ ವಾಪಸ್ ಹೋಗೋಳಿದ್ದೆ." ಒಂದೊಂದನ್ನೇ ಮುಟ್ಟಿ ನೋಡುತ್ತ ಸಣ್ಣ ಕೋಣೆಯ ಮುಂದೆ ನಿಂತಳು. "ಇದೊಂದು ಬಿಟ್ಟಿದ್ದೀರಲ್ಲ? ನಾನೇ ಸ್ವಲ್ಪ ಗುಡಿಸಿ ಒರೆಸಿ..."

"ಒರೆಸೋದ್ರಲ್ಲಿ ನೀನು ಗಟ್ಟಿಗಿತ್ತಿ ಬಿಡು" ಎಂದಳು ಕುಶನ್ನಕ್ಕ. ಎರಡು ವರ್ಷದಿಂದ ಗಂಟಲಲ್ಲಿದ್ದುದು ಈಗ ತಾನಾಗಿ ಹೊರಬಿತ್ತು. "ಹೋದ್ಸಲ ಒಂದು ಚಿಂದಿನೂ ಉಳೀದ ಹಾಗೆ ಒರೆಸಿದ್ದೆಯಲ್ಲ. ಕೌದಿ ಯಾರಿಗೆ ಕೊಟ್ಟೆ? ಅಷ್ಟು ಹೇಳು. ವಾಪಸ್ ಕೇಳಲ್ಲ."

ನಾದಿನಿ ಮೋಡಾದ ಮೇಲೆ ಕೂತಳು.

"ನಾನು ಬರೋ ಹೊತ್ತಿಗೆ ಕೋಣೆ ಖಾಲಿಯಾಗಿತ್ತು ಅತ್ತಿಗೆ. ನೆಲ ಒರೆಸಿದ್ದಷ್ಟೇ ನಾನು. ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಅವ್ಳು ಕೇಳಿದ್ರೆ ಅಣ್ಣನೇ ಮಾಡಿದ್ದು ಅಂತ ಹೇಳು ಅಂದ. ನೀವು ಕೇಳ್ಲೇ ಇಲ್ಲ."

"ಮತ್ತೆ ಇಷ್ಟು ದಿನ ಸುಮ್ನೆ ನನ್ನ ಸಿಟ್ಟು ಹೊತ್ಕೊಂಡಿದ್ಯಾ?"

"ನಿಮ್ಗೆ ಯಾರ ಮೇಲಾದ್ರೂ ಸಿಟ್ಟು ಬೇಕಿತ್ತಲ್ಲ. ಅಣ್ಣನ ಮೇಲೆ ಬಂದಿದ್ರೆ ಒಂದೇ ಮನೇಲಿ ಹೇಗಿರ್ತಿದ್ರಿ? ನಾನಾದ್ರೆ ನನ್ನ ಪಾಡಿಗೆ ನಮ್ಮನೇಲಿರ್ತೀನಿ."

ಕುಶನ್ನಕ್ಕ ಅವಳ ಕೈಹಿಡಿದುಕೊಂಡಳು. ಬೇಕರಿಯ ಒಲೆ ತಾಗಿ ಆ ಕೈಯ ಮೇಲೆಲ್ಲ ಹಳೆಯ ಸುಟ್ಟ ಗುರುತುಗಳಿದ್ದವು. ಎರಡು ವರ್ಷದಲ್ಲಿ ಅವಳು ಅವನ್ನು ನೋಡಿರಲೇ ಇಲ್ಲ.

ಸಂಜೆ ಗಂಡ ಬಂದು, ಎಂದಿನಂತೆ ಸೋಪಿನ ಪುಡಿ ಹಾಕಿ ಕೈಯ ಗ್ರೀಸು ತೊಳೆಯುತ್ತಿದ್ದಾಗ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಕೌದಿ ಎಲ್ರೀ?"

ಅವನು ತಿರುಗಲಿಲ್ಲ. ನಲ್ಲಿ ಹರಿಯುತ್ತಲೇ ಇತ್ತು. "ತೊಟ್ಟಿಲು ಗುಜರಿಗೆ ಹಾಕ್ದೆ" ಎಂದ.

"ತೊಟ್ಟಿಲು ಕೇಳ್ಲಿಲ್ಲ ನಾನು."

"ಅದು ಅವನ ಜೊತೇಲಿದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಚೌಕಟ್ಟು ಹಿಡಿದುಕೊಂಡಳು. ಅವನು ನಲ್ಲಿ ನಿಲ್ಲಿಸಿ, ಒದ್ದೆ ಕೈ ಹಾಗೇ ಇಳಿಬಿಟ್ಟು ಹೇಳಿದ: "ಆಸ್ಪತ್ರೇಲಿ ಬಿಳಿ ಬಟ್ಟೇಲಿ ಸುತ್ತಿ ಕೊಟ್ರು. ತುಂಬಾ ತೆಳ್ಳಗಿತ್ತು. ಅವತ್ತು ಗಾಳಿ ಬೇರೆ. ನಾನು ಅವನನ್ನ ಎತ್ಕೊಂಡೇ ಇಲ್ಲಿಗೆ ಬಂದೆ. ಕೌದಿ ಸುತ್ತಿ ಕರ್ಕೊಂಡ್ಹೋದೆ. ಚಳಿ ಆಗ್ಬಾರ್ದು ಅಂತ. ಅವನಿಗೆ ಚಳಿಯಾಗಲ್ಲ ಅಂತ ನಂಗೊತ್ತಿಲ್ವಾ? ಗೊತ್ತಿತ್ತು. ಆದ್ರೂ."

"ಇಲ್ಲಿಗೆ ಕರ್ಕೊಂಡ್ಬಂದ್ರಾ? ಈ ಮನೆಗೆ?"

"ಹೂಂ. ಕೋಣೆ ತೋರಿಸ್ದೆ. ವಾಪಸ್ ಬಂದು ನೋಡಿದ್ರೆ ತೊಟ್ಟಿಲು ಹಾಗೇ ಇದೆ, ಕೌದಿ ಮಡಚಿಟ್ಟಿದ್ದ ಜಾಗ ಮಾತ್ರ ಖಾಲಿ. ನನ್ನ ಕೈಲಿ ನೋಡೋಕಾಗ್ಲಿಲ್ಲ. ನೀನು ನೋಡೋದನ್ನ ನೋಡೋಕಂತೂ ಆಗ್ತಾನೇ ಇರ್ಲಿಲ್ಲ."

ಅವಳು ನೆಲದ ಮೇಲೆ ಕೂತುಬಿಟ್ಟಳು. ತನ್ನನ್ನು ಬಿಟ್ಟು ಅವನೊಬ್ಬನೇ ಎಲ್ಲ ಮಾಡಿದನಲ್ಲ ಎಂಬ ಸಿಟ್ಟು ಒಂದು ಕಡೆ, ಅವನೊಬ್ಬನೇ ಮಾಡಬೇಕಾಯಿತಲ್ಲ ಎಂಬ ಸಂಕಟ ಇನ್ನೊಂದು ಕಡೆ. ಆಸ್ಪತ್ರೆಯಲ್ಲೂ ಇಷ್ಟು ಅತ್ತಿರಲಿಲ್ಲ. ಅವನೂ ಪಕ್ಕದಲ್ಲಿ ಕೂತ. ಅತ್ತು ಅತ್ತು ಸಾಕಾದ ಮೇಲೆ ಅವಳು ಕೇಳಿದಳು.

"ಯಾರ ಥರ ಇದ್ದ?"

"ಹಣೆ ನಿಂದೇ. ತಲೆ ತುಂಬ ಕೂದಲು. ಬೆರಳು ಉದ್ದ ಇತ್ತು. ಮೂಗು ಮಾತ್ರ ನಮ್ಮಪ್ಪಂದು. ಪಾಪ, ಅದೊಂದು ಬೇಡಾಗಿತ್ತು."

ಮಾವನ ಮೂಗನ್ನು ನೆನೆದು ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಬಂದದ್ದೇ ತಡ ಮತ್ತೆ ಅಳುವಾಯಿತು. ಹಾಲಿನಲ್ಲಿ ನಾದಿನಿ ಟಿವಿಯ ಸದ್ದು ಸ್ವಲ್ಪ ಜೋರು ಮಾಡಿದಳು, ಅವರು ಸಂಕೋಚವಿಲ್ಲದೆ ಅಳಲಿ ಎಂದು.

ಮರುದಿನ ಸಣ್ಣ ಕೋಣೆಯ ಬಾಗಿಲು ತೆಗೆದರು. ಗೋಡೆಗಳ ಬಣ್ಣ ಹಾಗೇ ಇತ್ತು, ಅಲ್ಲಲ್ಲಿ ತೇವ ಬಂದು ಉಬ್ಬಿತ್ತಷ್ಟೆ. ಹೊಸ ಬಣ್ಣ ಬಳಿಯೋಣವೇ ಎಂದ ಗಂಡ. ಬೇಡ ಎಂದಳು. ಮಗನಿಗೆಂದು ಬಳಿದದ್ದು, ಅವನು ಒಂದು ಸಲವಾದರೂ ಬಂದುಹೋದ ಕೋಣೆ. ಮೇಸ್ತ್ರಿ ತನ್ನ ಮೊಮ್ಮಕ್ಕಳು ಮಲಗಿದ್ದ ತೊಟ್ಟಿಲು ಕಳಿಸಿಕೊಟ್ಟ. ಅದಕ್ಕೆ ಹಾಸಿಗೆ ಹೊಲಿದಳು. ಕೌದಿಗೆಂದು ತುಂಡುಗಳನ್ನು ಹರಡಿಕೊಂಡು ಕೂತವಳಿಗೆ ಸೂಜಿ ಓಡಲಿಲ್ಲ. ಕೊನೆಗೆ ನಾದಿನಿಯೇ ಹೊಲಿದಳು, ಹಾವು ಹರಿದ ಹಾಗೆ ಸೊಟ್ಟ ಸೊಟ್ಟ. "ಅತ್ತಿಗೆ, ಇದನ್ನ ನಿಮ್ಮ ಗಿರಾಕಿಗಳಿಗೆ ತೋರಿಸ್ಬೇಡಿ, ಅಂಗಡಿ ಮುಚ್ಚತ್ತೆ" ಎಂದಳು.

ಹೆಣ್ಣು ಮಗು ದಿನಕ್ಕೆ ಮುಂಚೆಯೇ ಹುಟ್ಟಿತು. ಸಣ್ಣದು, ಕೆಂಪಗೆ, ಕೋಪಿಷ್ಠೆ. ಅದು ಕಿರುಚುತ್ತಿದ್ದರೂ ಕುಶನ್ನಕ್ಕ, "ಅಳ್ತಿದ್ಯಾ? ಅಳ್ತಿದ್ಯಾ ಸಿಸ್ಟರ್?" ಎಂದು ಕೇಳುತ್ತಲೇ ಇದ್ದಳು. ಎಲ್ಲರೂ ಹೇಳುವ ಆ ಸಂತೋಷ ಬಂತು, ಆದರೆ ಒಂಟಿಯಾಗಿ ಬರಲಿಲ್ಲ. ಎದೆಗೆ ಹಾಲು ಇಳಿದಾಗ ಅವಳಿಗೆ ನೆನಪಾದದ್ದು ಹೋದ ಸಲ ಇಳಿದ ಹಾಲು. ಆಗ ಕುಡಿಯಲು ಯಾರೂ ಇರಲಿಲ್ಲ, ರವಿಕೆ ಒದ್ದೆ ಮಾಡಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಮಗಳ ಮುಖದಲ್ಲಿ ತಾನು ನೋಡದ ಮುಖವನ್ನು ಹುಡುಕುವಳು, ಹುಡುಕಿದೆನೆಂದು ಮಗಳ ಕ್ಷಮೆ ಕೇಳುವಳು. ಮಲಗಿದ ಕೂಸಿನ ಮೂಗಿಗೆ ಬೆರಳು ಹಿಡಿದು ಉಸಿರು ನೋಡುವ ಚಾಳಿ ಎಷ್ಟೋ ತಿಂಗಳು ಬಿಡಲಿಲ್ಲ.

ಮಗಳಿಗೆ ಕತ್ತು ನಿಂತ ಮೇಲೆ ಒಂದು ಭಾನುವಾರ ಅವಳೇ ಹೇಳಿದಳು, "ಅವನಿರೋ ಕಡೆ ಕರ್ಕೊಂಡ್ಹೋಗಿ."

ಊರ ಹೊರಗಿನ ಸ್ಮಶಾನದ ಒಂದು ಮೂಲೆಯಲ್ಲಿ ಮಕ್ಕಳನ್ನು ಮಣ್ಣು ಮಾಡುವ ಜಾಗ. ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಗಂಡ ಒಂದು ಮರದ ಹತ್ತಿರ ನಿಂತ, ಅಲ್ಲಿಂದ ಹತ್ತು ಹೆಜ್ಜೆ ಆಚೆ ಹೋದ, ತಿರುಗಿ ಬಂದ. ಕಾಲಿನಿಂದ ಹುಲ್ಲು ಸರಿಸಿ ಸರಿಸಿ ನೋಡಿದ. "ಒಂದು ಕಲ್ಲಿಟ್ಟಿದ್ದೆ. ಇಲ್ಲೇ. ಇಲ್ಲ, ಅಲ್ಲಿರ್ಬೇಕು. ಈ ಗೋಡೆ ಆಗ ಇರ್ಲಿಲ್ಲ ಕಣೇ." ಗ್ರೀಸು ಹೋಗದ ಉಗುರುಗಳಿಂದ ನೆಲ ಕೆದಕುತ್ತ ಕೂತುಬಿಟ್ಟ. ಹತ್ತಾರು ಕಲ್ಲುಗಳಿದ್ದವು, ಎಲ್ಲವೂ ಒಂದೇ ಥರ.

"ಬಿಡ್ರೀ. ಇಲ್ಲೇ ಎಲ್ಲೋ ಇದ್ದಾನಲ್ಲ, ಸಾಕು" ಎಂದಳು.

ಅಷ್ಟರಲ್ಲಿ ಮಗಳು ಹಸಿವಾಗಿ ರಚ್ಚೆ ಹಿಡಿದಳು. ಕುಶನ್ನಕ್ಕ ಅಲ್ಲೇ ಹುಲ್ಲಿನ ಮೇಲೆ ಕೂತು, ಸೆರಗು ಮುಚ್ಚಿ ಹಾಲು ಕೊಟ್ಟಳು. ಇನ್ನೊಂದು ಅಂಗೈಯನ್ನು ಬಿಸಿಲಿಗೆ ಕಾದಿದ್ದ ಮಣ್ಣಿನ ಮೇಲೆ ಊರಿದ್ದಳು. ಕೂಸು ಕುಡಿದು ಮುಗಿಸುವವರೆಗೂ ಆ ಕೈಯನ್ನು ತೆಗೆಯಲಿಲ್ಲ.